ಛಾಯಾಚಿತ್ರವೂ ಉಳಿಯೂ: ನೆರಳನ್ನು ಕೆತ್ತಿದ ಚರಿತ್ರೆ

ಛಾಯಾಚಿತ್ರವನ್ನು ಮರದಲ್ಲಿಯೋ ಪ್ಲಾಸ್ಟಿಕ್ಕಿನಲ್ಲಿಯೋ ಕೆತ್ತಿಕೊಡುವ ಸಣ್ಣ ಯಂತ್ರಗಳು ಇಂದು ಹವ್ಯಾಸಿಗಳ ಮನೆಯ ಮೇಜನ್ನು ಸೇರಿವೆ. ಸಿಎನ್‌ಸಿ ರೌಟರ್ ಎಂದು ಇವುಗಳ ಹೆಸರು. ಗಣಕವು ಚಿತ್ರದ ಒಂದೊಂದು ಬಿಂದುವಿನ ಬೆಳಕನ್ನೂ ಅಂಕಿಯಾಗಿ ಮಾರ್ಪಡಿಸುತ್ತದೆ. ಆ ಅಂಕಿಗೆ ತಕ್ಕಂತೆ ತಿರುಗುವ ಅಲಗು ಏರಿ ಇಳಿಯುತ್ತದೆ. ಯಂತ್ರವೇನೋ ಹೊಸದು, ಅದು ಬಿಡಿಸಬೇಕಾದ ತೊಡಕು ಮಾತ್ರ ಬಹು ಹಳೆಯದು. ಬೆಳಕು ನೆರಳುಗಳನ್ನು ಆಳದ ಅಳತೆಗೆ ತರುವುದು ಹೇಗೆ?

ಮೊದಲನೆಯ ಉತ್ತರ ಗೆರೆಯದು. ಫ್ರಾನ್ಸಿನ ಕ್ಲೋದ್ ಮೆಲ್ಲಾಂ ೧೬೪೯ರಲ್ಲಿ ಕ್ರಿಸ್ತನ ಮುಖವನ್ನು ತಾಮ್ರದ ತಗಡಿನ ಮೇಲೆ ಒಂದೇ ಸುರುಳಿಗೆರೆಯಿಂದ ಕೊರೆದನು. ಮೂಗಿನ ತುದಿಯಲ್ಲಿ ಹೊರಟ ಗೆರೆ ಸುತ್ತುತ್ತ ಸುತ್ತುತ್ತ ಮುಖವನ್ನೆಲ್ಲ ತುಂಬುತ್ತದೆ. ಉಳಿ ಆಳಕ್ಕಿಳಿದಲ್ಲಿ ಗೆರೆ ದಪ್ಪವಾಗಿ ನೆರಳಾಯಿತು. ಸಡಿಲಿದಲ್ಲಿ ತೆಳುವಾಗಿ ಬೆಳಕಾಯಿತು.

ಎರಡನೆಯ ಉತ್ತರ ದಪ್ಪದ್ದು. ೧೮೨೭ರಲ್ಲಿ ಪಾಲ್ ದ ಬೂರ್ಗ್ವಾಂ ಪ್ಯಾರಿಸ್ಸಿನಲ್ಲಿ ಲಿಥೋಫೇನಿಗೆ ಹಕ್ಕುಪತ್ರ ಪಡೆದನು. ತೆಳುವಾದ ಪಿಂಗಾಣಿ ಫಲಕವನ್ನು ದೀಪಕ್ಕೆ ಹಿಡಿದರೆ, ದಪ್ಪವಿದ್ದಲ್ಲಿ ಕತ್ತಲೆ, ತೆಳುವಿದ್ದಲ್ಲಿ ಬೆಳಕು. ಛಾಯಾಗ್ರಹಣ ಬಳಕೆಗೆ ಬಂದಮೇಲೆ, ೧೮೬೪ರಲ್ಲಿ ವಾಲ್ಟರ್ ವುಡ್‌ಬರಿಯು ಬೆಳಕಿನಿಂದಲೇ ಕೆತ್ತಿಸಿದನು. ನೆಗೆಟಿವ್ ಮೂಲಕ ಹಾಯ್ದ ಬೆಳಕು ಜೆಲಟಿನ್ ಪದರವನ್ನು ಗಟ್ಟಿಗೊಳಿಸುವುದು. ಗಟ್ಟಿಯಾಗದ ಭಾಗವನ್ನು ಬಿಸಿನೀರು ತೊಳೆದಮೇಲೆ ಉಬ್ಬುತಗ್ಗುಗಳು ಉಳಿಯುವುವು. ಅವನ್ನು ಭಾರವಾದ ಒತ್ತುಯಂತ್ರದಿಂದ ಸೀಸದ ತಗಡಿಗೆ ಒತ್ತಿ ಮುದ್ರಣದ ಅಚ್ಚು ಮಾಡುತ್ತಿದ್ದರು.

ಆದರೆ ನೆರಳಿನ ಆಳ ಬೇರೆ, ಮುಖದ ಆಳ ಬೇರೆ. ಪ್ಯಾರಿಸ್ಸಿನ ಫ್ರಾನ್ಸ್ವಾ ವಿಲೆಮನು ೧೮೬೦ರ ದಶಕದಲ್ಲಿ ನಡೆಸಿದ ಛಾಯಾಶಿಲ್ಪದ ವಿಧಾನವೇ ಇದಕ್ಕೆ ಸಾಕ್ಷಿ. ವ್ಯಕ್ತಿಯನ್ನು ನಡುವೆ ನಿಲ್ಲಿಸಿ, ಸುತ್ತಲೂ ೨೪ ಕ್ಯಾಮೆರಾಗಳಿಂದ ಚಿತ್ರ ತೆಗೆದು, ಅವುಗಳ ಹೊರರೇಖೆಗಳನ್ನು ಪ್ಯಾಂಟೋಗ್ರಾಫಿನಿಂದ ಜೇಡಿಮಣ್ಣಿಗೆ ಇಳಿಸುತ್ತಿದ್ದನು. ಕೊನೆಯ ನಯಗೆಲಸ ಕೈಯದೇ. ಆಕಾರವನ್ನು ಪಡೆಯಲು ಒಂದು ಚಿತ್ರ ಸಾಲಲಿಲ್ಲ.

ಅಂಕಿಗಳಿಂದ ಯಂತ್ರವನ್ನು ನಡೆಸುವ ಆಲೋಚನೆ ಅಮೆರಿಕದ ಜಾನ್ ಪಾರ್ಸನ್ಸನದು. ಹೆಲಿಕಾಪ್ಟರಿನ ರೆಕ್ಕೆಗಳ ಲೆಕ್ಕಾಚಾರದಿಂದ ಹುಟ್ಟಿದ್ದು. ೧೯೫೨ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯು ರಂಧ್ರಪಟ್ಟಿಯ ಆಜ್ಞೆಯಂತೆ ಲೋಹ ಕೊರೆಯುವ ಯಂತ್ರವನ್ನು ಪ್ರದರ್ಶಿಸಿತು. ೨೦೦೯ರಲ್ಲಿ ಗ್ರಬಲ್ ಎಂಬ ಮುಕ್ತ ತಂತ್ರಾಂಶ ಹೊರಬಂದಮೇಲೆ ಈ ವಿದ್ಯೆ ಹವ್ಯಾಸಿಗಳ ಕೈಗೂ ಎಟುಕಿತು.

ಇಂದಿನ ಹವ್ಯಾಸಿ ಎಡವುವುದು ಹಳೆಯ ತೊಡಕಿನಲ್ಲಿಯೇ. ಬಿಳಿಯದು ಎತ್ತರ, ಕರಿಯದು ಆಳ ಎಂದು ಮರಕ್ಕೆ ವಿಧಿಸಿದರೆ, ಕಪ್ಪು ಕೂದಲು ತಲೆಯಲ್ಲಿ ಹಳ್ಳವಾಗುತ್ತದೆ. ಬಿಳಿಯ ಅಂಗಿ ಮುಖಕ್ಕಿಂತ ಮುಂದೆ ಚಾಚುತ್ತದೆ. ಯಂತ್ರಕ್ಕೆ ಬಣ್ಣ ತಿಳಿಯಿತೇ ಹೊರತು ಮೂಗು ತಿಳಿಯಲಿಲ್ಲ. ಬೆಳಕು ತೂರುವ ಬಿಳಿಯ ಪ್ಲಾಸ್ಟಿಕ್ಕಿಗೆ ವಿಧಿ ತಿರುವುಮುರುವು: ಬೆಳಕಿರಬೇಕಾದಲ್ಲಿಯೇ ಆಳವಾಗಿ ಕೊರೆಯಬೇಕು. ಹಿಂದೆ ದೀಪವಿಟ್ಟರೆ ಬೂರ್ಗ್ವಾಂನ ಪಿಂಗಾಣಿ ಮತ್ತೆ ಕಾಣುತ್ತದೆ. ಮೇಲೆ ಬಿಳುಪು, ಒಳಗೆ ಕಪ್ಪು ಇರುವ ಎರಡು ಪದರದ ಹಲಗೆಯಾದರೆ ಮೆಲ್ಲಾಂನ ದಾರಿಯೇ ಸರಿ. ೯೦ ಡಿಗ್ರಿಯ ಚೂಪಲಗು ೧ ಮಿಲಿಮೀಟರ್ ಇಳಿದರೆ ಗೆರೆ ೨ ಮಿಲಿಮೀಟರ್ ಅಗಲವಾಗುತ್ತದೆ, ಅಗಲವೇ ನೆರಳಾಗುತ್ತದೆ.

ಉಳಿಯನ್ನು ನಡೆಸುವ ಶ್ರಮವನ್ನು ಯಂತ್ರ ವಹಿಸಿಕೊಂಡಿದೆ. ಯಾವ ವಸ್ತುವಿಗೆ ಯಾವ ದಾರಿಯೆಂಬ ವಿವೇಕವನ್ನು ಅದು ವಹಿಸಿಕೊಂಡಿಲ್ಲ. ಆ ಭಾರ ಇಂದಿಗೂ ಕೆತ್ತುವವನದೇ.