ಡಿಜಿಟಲ್ ಸಹಿ ಇರುವ ಕಡತಗಳ ಸುರಕ್ಷತೆಯನ್ನು ಪರಿಶೀಲಿಸುವ ವಿಧಾನ

ಸವಣೂರು ತಾಲ್ಲೂಕಿನ ಸಾರ್ವಜನಿಕರು ಆದಾಯ, ಜಾತಿ ಹಾಗೂ ವಾಸಸ್ಥಳ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಪಡೆಯುತ್ತಿದ್ದು, ಸದರಿ ಪ್ರಮಾಣಪತ್ರಗಳಿಗೆ ಅಧಿಕಾರಿಗಳು ಶಾಯಿಯ ಸಹಿಗೆ ಬದಲಾಗಿ ಡಿಜಿಟಲ್ ಸಹಿ ಮಾಡುತ್ತಾರೆ. ಗಣಕಯಂತ್ರ ಮತ್ತು ಮೊಬೈಲ್‌ಗಳಲ್ಲಿ ಅಳವಡಿಸುವ ತಂತ್ರಾಂಶಗಳಿಗೂ ಅವುಗಳ ತಯಾರಕರು ಇದೇ ಬಗೆಯ ಸಹಿ ಮಾಡುವುದುಂಟು. ಇದರಿಂದಾಗಿ ಸಹಿ ಇರುವ ಕಡತವೆಲ್ಲವೂ ಸುರಕ್ಷಿತವೆಂಬ ಭಾವನೆ ಅನೇಕರಲ್ಲಿದೆ. ಈ ಭಾವನೆ ಸರಿಯಲ್ಲ. ಅರ್ಜಿದಾರರ ಬ್ಯಾಂಕ್ ಖಾತೆ ಮತ್ತು ದಾಖಲೆಗಳ ರಕ್ಷಣೆಯ ದೃಷ್ಟಿಯಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಡಿಜಿಟಲ್ ಸಹಿ ತಿಳಿಸುವುದೇನು?

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ. ಸಹಿಯು ಎರಡು ಸಂಗತಿಗಳನ್ನು ಮಾತ್ರ ತಿಳಿಸುತ್ತದೆ.

ಅ) ಕಡತಕ್ಕೆ ಯಾರ ಹೆಸರಿನ ಕೀಲಿಯಿಂದ ಸಹಿಯಾಗಿದೆ.
ಆ) ಸಹಿಯಾದ ನಂತರ ಕಡತದಲ್ಲಿ ಒಂದಕ್ಷರವಾದರೂ ಬದಲಾಗಿದೆಯೇ.

ಕಡತದ ಒಳಗಿನ ತಂತ್ರಾಂಶ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಸಹಿ ತಿಳಿಸುವುದಿಲ್ಲ. ಲಕೋಟೆಯ ಮೇಲಿನ ಅರಗು ಒಡೆದಿಲ್ಲವೆಂದರೆ ಅದನ್ನು ನಡುವೆ ಯಾರೂ ತೆರೆದಿಲ್ಲವೆಂದಷ್ಟೇ ಅರ್ಥ. ಒಳಗಿರುವ ಪತ್ರದ ವಿಷಯಕ್ಕೆ ಅರಗು ಜವಾಬ್ದಾರಿಯಲ್ಲ.

2. ಸಹಿ ಇದ್ದೂ ಹಾನಿಯಾದ ಪ್ರಸಂಗಗಳು

2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶಕ್ಕೆ ತೈವಾನಿನ ಎರಡು ಕಂಪನಿಗಳಿಂದ ಕದ್ದ ಕೀಲಿಗಳಿಂದ ಸಹಿ ಮಾಡಲಾಗಿತ್ತು. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ತಂತ್ರಾಂಶದ 5.33ನೇ ಆವೃತ್ತಿಯಲ್ಲಿ, ತಯಾರಕರ ನೈಜ ಸಹಿ ಇದ್ದಾಗ್ಯೂ, ಕುತಂತ್ರಾಂಶ ಸೇರಿಕೊಂಡಿತ್ತು. ಇದಲ್ಲದೆ, ಜಾಹೀರಾತು ತೋರಿಸುವ ಅಥವಾ ಬ್ರೌಸರಿನ ಮುಖಪುಟ ಬದಲಿಸುವ ಅನಗತ್ಯ ತಂತ್ರಾಂಶಗಳಿಗೂ ನೋಂದಾಯಿತ ಕಂಪನಿಗಳ ಸಹಿ ಇರಬಹುದು.

3. ಗಣಕಯಂತ್ರದ ಕಡತವನ್ನು ಪರಿಶೀಲಿಸುವ ಕ್ರಮ

ಸರ್ಕಾರಿ ಟೆಂಡರಿಗೆ ಅರ್ಜಿ ಸಲ್ಲಿಸುವ ಗುತ್ತಿಗೆದಾರರು ಡಿಜಿಟಲ್ ಸಹಿಯ ಟೋಕನ್‌ಗಾಗಿ ತಂತ್ರಾಂಶ ಅಳವಡಿಸಬೇಕಾಗುತ್ತದೆ. ವಿಂಡೋಸ್ ಗಣಕಯಂತ್ರದಲ್ಲಿ ಇಂತಹ ಕಡತವನ್ನು ತೆರೆಯುವ ಮೊದಲು ಈ ಕ್ರಮ ಅನುಸರಿಸತಕ್ಕದ್ದು.

ಅ) ತಂತ್ರಾಂಶವನ್ನು ತಯಾರಕರ ಅಥವಾ ಇಲಾಖೆಯ ಅಧಿಕೃತ ಜಾಲತಾಣದಿಂದಲೇ ಪಡೆಯುವುದು. ಇತರರ ಪೆನ್ ಡ್ರೈವ್‌ನಿಂದ ಪಡೆಯದಿರುವುದು.
ಆ) ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ಆಯ್ದು, ‘ಡಿಜಿಟಲ್ ಸಿಗ್ನೇಚರ್ಸ್’ ವಿಭಾಗವನ್ನು ನೋಡುವುದು. ಹೆಸರನ್ನು ಆಯ್ದು ‘ಡೀಟೇಲ್ಸ್’ ಒತ್ತಿದರೆ ಸಹಿ ಸರಿಯಾಗಿದೆಯೇ ಎಂಬುದು ಕಾಣುತ್ತದೆ.
ಇ) ಸಹಿ ಮಾಡಿದವರ ಹೆಸರು ತಂತ್ರಾಂಶದ ತಯಾರಕರ ಹೆಸರಿಗೆ ಹೊಂದುತ್ತದೆಯೇ ಎಂದು ಅಕ್ಷರಶಃ ಹೋಲಿಸುವುದು.
ಈ) ವೈರಸ್ ನಿರೋಧಕ ತಂತ್ರಾಂಶದಿಂದ ತಪಾಸಣೆ ಮಾಡುವುದು. ವೈರಸ್‌ಟೋಟಲ್ ಜಾಲತಾಣದಲ್ಲಿ ಒಂದೇ ಕಡತವನ್ನು ಅನೇಕ ನಿರೋಧಕಗಳಿಂದ ಪರೀಕ್ಷಿಸಬಹುದು. ಆದರೆ ಅಲ್ಲಿ ಸಲ್ಲಿಸಿದ ಕಡತಗಳು ಇತರರಿಗೂ ದೊರೆಯುವುದರಿಂದ ಆಧಾರ್, ಪಹಣಿ (ಉತಾರ), ಬ್ಯಾಂಕ್ ಪಾಸ್‌ಬುಕ್ ಮುಂತಾದ ಸ್ವಂತ ದಾಖಲೆಗಳನ್ನು ಸಲ್ಲಿಸಬಾರದು.
ಉ) ಅಳವಡಿಸುವಾಗ ಪ್ರತಿ ಪುಟವನ್ನು ಓದಿ, ತಾವು ಕೇಳದ ಹೆಚ್ಚುವರಿ ತಂತ್ರಾಂಶಗಳ ಮುಂದಿನ ಗುರುತನ್ನು ತೆಗೆಯುವುದು.

4. ಮೊಬೈಲ್‌ಗೆ ಬರುವ ಎಪಿಕೆ ಕಡತಗಳು

ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಸಹಿ ಇಲ್ಲದ ಯಾವ ಆ್ಯಪ್ ಕೂಡ ಅಳವಡಿಕೆಯಾಗುವುದಿಲ್ಲ. ಆದರೆ ಆ ಸಹಿಯನ್ನು ಯಾರು ಬೇಕಾದರೂ ತಾವೇ ಸೃಷ್ಟಿಸಿಕೊಳ್ಳಬಹುದು; ಯಾವುದೇ ಪ್ರಾಧಿಕಾರದ ದೃಢೀಕರಣ ಅದಕ್ಕೆ ಬೇಕಿಲ್ಲ. ಪಿಎಂ ಕಿಸಾನ್ ಕಂತು, ವಾಹನದ ದಂಡದ ಚಲನ್ ಅಥವಾ ಮದುವೆ ಆಮಂತ್ರಣದ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ಬರುವ ಎಪಿಕೆ ಕಡತವನ್ನು, ಪರಿಚಿತರ ಸಂಖ್ಯೆಯಿಂದಲೇ ಬಂದಿದ್ದರೂ, ತೆರೆಯಬಾರದು. ಇಂತಹ ಆ್ಯಪ್‌ಗೆ ಸಂದೇಶಗಳನ್ನು ಓದುವ ಅನುಮತಿ ನೀಡಿದಲ್ಲಿ, ಬ್ಯಾಂಕಿನಿಂದ ಬರುವ ಒಟಿಪಿ ವಂಚಕರ ಕೈ ಸೇರುತ್ತದೆ. ಪ್ರಮಾಣಪತ್ರ ಅಥವಾ ಪಹಣಿ ಪಡೆಯಲು ಯಾವುದೇ ಎಪಿಕೆ ಕಡತದ ಅಗತ್ಯವಿರುವುದಿಲ್ಲ.

5. ಪಿಡಿಎಫ್ ರೂಪದ ದಾಖಲೆಗಳು

ಸಹಿ ಇರುವ ಪಿಡಿಎಫ್ ತೆರೆದಾಗ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡಲ್ಲಿ, ಸಹಿ ಮಾಡಿದವರ ಗುರುತನ್ನು ಆ ಗಣಕಯಂತ್ರವು ಖಚಿತಪಡಿಸಿಕೊಂಡಿಲ್ಲವೆಂದು ಅರ್ಥ. ಅಷ್ಟರಿಂದಲೇ ದಾಖಲೆ ನಕಲಿಯೆಂದು ತಿಳಿಯಬೇಕಾಗಿಲ್ಲ. ಸಹಿ ಅಸಿಂಧುವೆಂದು ಅಥವಾ ಸಹಿಯ ನಂತರ ದಾಖಲೆ ಬದಲಾಗಿದೆಯೆಂದು ತೋರಿಸಿದಲ್ಲಿ ಅದನ್ನು ಬಳಸದೆ, ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಡಿಜಿಟಲ್ ಸಹಿ ಇರುವುದು ಕಡತದಲ್ಲೇ ಹೊರತು ಅದರ ಜೆರಾಕ್ಸ್ ಪ್ರತಿಯಲ್ಲಲ್ಲ. ಮುದ್ರಿತ ಪ್ರಮಾಣಪತ್ರದ ನೈಜತೆಯನ್ನು ಅದರ ಮೇಲಿನ ಸಂಖ್ಯೆಯ ಮೂಲಕ ನಾಡಕಚೇರಿ ಜಾಲತಾಣದಲ್ಲಿ ಪರಿಶೀಲಿಸಬೇಕು.

6. ಸಂದೇಹಾಸ್ಪದ ಕಡತವನ್ನು ಈಗಾಗಲೇ ತೆರೆದಿದ್ದಲ್ಲಿ

ಅ) ಕೂಡಲೇ ಮೊಬೈಲ್ ಅಥವಾ ಗಣಕಯಂತ್ರದ ಅಂತರ್ಜಾಲ ಸಂಪರ್ಕ ಕಡಿತಗೊಳಿಸಿ, ಬೇರೆ ದೂರವಾಣಿಯಿಂದ ಬ್ಯಾಂಕಿಗೆ ತಿಳಿಸಿ ಖಾತೆಯ ವಹಿವಾಟು ನಿಲ್ಲಿಸುವುದು.
ಆ) ಹಣ ಹೋಗಿದ್ದಲ್ಲಿ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡುವುದು ಹಾಗೂ ಹತ್ತಿರದ ಪೊಲೀಸ್ ಠಾಣೆ ಅಥವಾ ಹಾವೇರಿಯ ಸಿ.ಇ.ಎನ್. ಪೊಲೀಸ್ ಠಾಣೆಯಲ್ಲಿ ದೂರು ನೀಡುವುದು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.
ಇ) ಬಂದ ಸಂದೇಶವನ್ನು ಅಳಿಸದೆ ಸಾಕ್ಷ್ಯಕ್ಕಾಗಿ ಉಳಿಸಿಕೊಳ್ಳುವುದು.
ಈ) ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ದೊರೆಯುವ ಉಚಿತ ಸಾಧನಗಳಿಂದ ಯಂತ್ರವನ್ನು ಶುದ್ಧಗೊಳಿಸುವುದು.

ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಇತರರ ಗಣಕಯಂತ್ರಕ್ಕೆ ಕುತಂತ್ರಾಂಶ ಸೇರಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 66ರ ಅಡಿಯಲ್ಲಿ ಅಪರಾಧವಾಗಿದ್ದು, 3 ವರ್ಷಗಳವರೆಗೆ ಕಾರಾವಾಸ, 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಸಾರ್ವಜನಿಕರು ಸಹಿಯನ್ನು ಪರಿಶೀಲನೆಯ ಮೊದಲ ಹೆಜ್ಜೆಯೆಂದು ಮಾತ್ರ ಪರಿಗಣಿಸಿ, ಕಡತ ಎಲ್ಲಿಂದ ಬಂದಿದೆ ಹಾಗೂ ಅದು ತಮಗೆ ಅಗತ್ಯವೇ ಎಂಬುದನ್ನು ಖಚಿತಪಡಿಸಿಕೊಂಡ ನಂತರವೇ ತೆರೆಯಬೇಕೆಂದು ಕೋರಲಾಗಿದೆ.