ಹಳೆಯ ಸ್ಕ್ಯಾನರು ಮೂಕವಾಗುವುದೇಕೆ?

ಬೈಂದೂರಿಗೆ ತಾಗಿಕೊಂಡಿರುವ ಯಡ್ತರೆಯಂಥ ಕರಾವಳಿಯ ಊರುಗಳಲ್ಲಿ ಕಾಗದಕ್ಕೆ ಆಯುಸ್ಸು ಕಡಿಮೆ. ಮಳೆಗಾಲದ ತೇವ, ಒರಲೆಗಳ ನಡುವೆ ಹಳೆಯ ಯಕ್ಷಗಾನ ಪ್ರಸಂಗ ಪುಸ್ತಕಗಳು ಉಳಿಯುವುದೇ ಕಷ್ಟ. ಉಡುಪಿಯ ಪಾವಂಜೆ ಗುರುರಾವ್ ಪ್ರಕಾಶನದ ಹಳೆಯ ಪ್ರತಿಗಳು ಕೈಯಿಂದ ಕೈಗೆ ದಾಟಿ ಸವೆದಿವೆ. ಇವುಗಳ ಪುಟಗಳನ್ನು ಚಿತ್ರವಾಗಿ ಉಳಿಸಿಕೊಳ್ಳಲು ದುಬಾರಿ ಯಂತ್ರ ಬೇಕಿಲ್ಲ. ಮೂಲೆ ಸೇರಿದ ಹಳೆಯ ಫ್ಲಾಟ್‌ಬೆಡ್ ಸ್ಕ್ಯಾನರು ಸಾಕು. ಆದರೆ ಹೊಸ ಕಂಪ್ಯೂಟರಿಗೆ ಜೋಡಿಸಿದರೆ ಅದು ಮಿಸುಕುವುದಿಲ್ಲ. ಯಂತ್ರ ಕೆಟ್ಟಿದೆಯೇ? ಅನೇಕ ವೇಳೆ ಇಲ್ಲ.

ಚಿತ್ರವನ್ನು ಚುಕ್ಕೆಗಳಾಗಿ ಒಡೆದು ಕಂಪ್ಯೂಟರಿಗೆ ಉಣಿಸುವ ವಿದ್ಯೆ 1957ರಷ್ಟು ಹಳೆಯದು. ಅಮೆರಿಕದ ರಸೆಲ್ ಕಿರ್ಶ್ ತಮ್ಮ ಹಸುಗೂಸಿನ ಭಾವಚಿತ್ರವನ್ನು ತಿರುಗುವ ಉರುಳೆಗೆ ಸುತ್ತಿ 176ಕ್ಕೆ 176, ಅಂದರೆ ಸುಮಾರು 31 ಸಾವಿರ ಚುಕ್ಕೆಗಳಲ್ಲಿ ಸೆರೆಹಿಡಿದರು. ಇಂದು ಎ4 ಅಳತೆಯ ಪುಟವನ್ನು ಇಂಚಿಗೆ 300 ಚುಕ್ಕೆಗಳಂತೆ ಓದಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಫ್ಲಾಟ್‌ಬೆಡ್‌ನಲ್ಲಿ ಪುಟ ಗಾಜಿನ ಮೇಲೆ ಅಲುಗದೆ ಇರುತ್ತದೆ; ಬೆಳಕಿನ ಪಟ್ಟಿ ಅಡಿಯಲ್ಲಿ ಸರಿಯುತ್ತದೆ. ಜೀರ್ಣವಾದ ಪುಸ್ತಕಕ್ಕೆ ಇದೇ ಅನುಕೂಲ.

ಈ ಯಂತ್ರಕ್ಕೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವುದು ಡ್ರೈವರ್ ಎಂಬ ತಂತ್ರಾಂಶ. ಅದನ್ನು ಬರೆಯುವವರು ಸಾಮಾನ್ಯವಾಗಿ ತಯಾರಕರೇ. 64 ಬಿಟ್‌ನ ವಿಂಡೋಸ್ ಬಂದಾಗ ಹಳೆಯ 32 ಬಿಟ್‌ನ ಡ್ರೈವರುಗಳು ನಿರುಪಯುಕ್ತವಾದವು. ಮಾರಾಟ ನಿಂತ ಎಷ್ಟೋ ಮಾದರಿಗಳಿಗೆ ಹೊಸ ಡ್ರೈವರ್ ಬರಲೇ ಇಲ್ಲ. ಗಾಜು, ದೀಪ, ಮೋಟಾರು ಎಲ್ಲ ಸರಿಯಿದ್ದೂ ಸ್ಕ್ಯಾನರು ಗುಜರಿಗೆ ಹೋಯಿತು.

ಲಿನಕ್ಸ್ ಬಳಗ ಬೇರೆ ದಾರಿ ಹಿಡಿಯಿತು. 1990ರ ದಶಕದ ಉತ್ತರಾರ್ಧದಲ್ಲಿ ಡೇವಿಡ್ ಮೋಸ್ಬರ್ಗರ್ ಮುಂತಾದವರು ‘ಸೇನ್’ ಎಂಬ ವ್ಯವಸ್ಥೆಯನ್ನು ಆರಂಭಿಸಿದರು. ಯಂತ್ರದೊಡನೆ ವ್ಯವಹರಿಸುವ ಭಾಗವನ್ನೂ ಬಳಕೆದಾರನ ಕಣ್ಣಿಗೆ ಕಾಣುವ ಭಾಗವನ್ನೂ ಇಲ್ಲಿ ಬೇರ್ಪಡಿಸಲಾಗಿದೆ. ಹೀಗಾಗಿ ಒಂದು ಮಾದರಿಗೆ ಒಮ್ಮೆ ಬರೆದದ್ದು ಎಲ್ಲ ಕಾರ್ಯಕ್ರಮಗಳಿಗೂ ಒದಗುತ್ತದೆ. ಮೂಲ ಸಂಕೇತ ಬಹಿರಂಗವಾಗಿರುವುದರಿಂದ, ಕಂಪೆನಿ ಕೈಬಿಟ್ಟರೂ ಬೇರೆಯವರು ಅದನ್ನು ಕಾಲಕ್ಕೆ ತಕ್ಕಂತೆ ತಿದ್ದಬಹುದು. ತಯಾರಕರು ವಿವರ ಕೊಡದಿದ್ದಾಗ, ತಂತಿಯಲ್ಲಿ ಹರಿಯುವ ಸಂಕೇತಗಳನ್ನೇ ಗಮನಿಸಿ ಡ್ರೈವರ್ ಬರೆದ ಸ್ವಯಂಸೇವಕರಿದ್ದಾರೆ.

ಹಾಗೆಂದು ಎಲ್ಲ ಸ್ಕ್ಯಾನರುಗಳೂ ಏಳುವುದಿಲ್ಲ. ಮೊದಲು ಸೇನ್‌ನ ಪಟ್ಟಿಯಲ್ಲಿ ಮಾದರಿಯ ಹೆಸರನ್ನು ಹುಡುಕಬೇಕು. ಕ್ಯಾನನ್ ಲೈಡ್ 20ರಂಥವು ಹೆಚ್ಚು ತಕರಾರಿಲ್ಲದೆ ನಡೆಯುತ್ತವೆ. ಎಪ್ಸನ್ ಪರ್ಫೆಕ್ಷನ್ 1670 ಹಾಗೂ ಮುಸ್ಟೆಕ್‌ನ ಕೆಲವು ಮಾದರಿಗಳಿಗೆ ಪ್ರತಿ ಬಾರಿಯೂ ಫರ್ಮ್‌ವೇರ್ ಎಂಬ ಕಡತವನ್ನು ಕಂಪ್ಯೂಟರೇ ಉಣಿಸಬೇಕು. ಅದು ಸ್ಕ್ಯಾನರಿನ ಜತೆ ಬಂದ ಸಿ.ಡಿ.ಯಲ್ಲಿರುತ್ತದೆ, ಆದ್ದರಿಂದ ಹಳೆಯ ಸಿ.ಡಿ.ಯನ್ನು ಎಸೆಯಬಾರದು. ಇಷ್ಟಾದರೂ ಯಂತ್ರ ಕಾಣದಿದ್ದರೆ, ಅದನ್ನು ಬಳಸಲು ನಿಮ್ಮ ಖಾತೆಗೆ ಅನುಮತಿ ಇದೆಯೇ ಎಂದು ನೋಡಬೇಕು. ಆಮೇಲೆ ‘ಸಿಂಪಲ್ ಸ್ಕ್ಯಾನ್’ನಂಥ ಕಾರ್ಯಕ್ರಮದಲ್ಲಿ ಗುಂಡಿ ಒತ್ತಿದರಾಯಿತು.

‘ಯಕ್ಷವಾಹಿನಿ’ಯ ಸ್ವಯಂಸೇವಕರು ಹಳೆಯ ಪ್ರಸಂಗಗಳನ್ನು ಹುಡುಕಿ ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದ್ದಾರೆ. ಅವರ ಕೈಗೆ ಸಿಗದ ಪುಸ್ತಕ ಯಾವುದೋ ಮನೆಯ ಅಟ್ಟದಲ್ಲಿರಬಹುದು, ಅದನ್ನು ಓದಬಲ್ಲ ಯಂತ್ರ ಪಕ್ಕದ ಮನೆಯ ಮೂಲೆಯಲ್ಲಿರಬಹುದು. ಇವೆರಡೂ ಮುಂದಿನ ಮಳೆಗಾಲಕ್ಕೆ ಮೊದಲು ಭೇಟಿಯಾದರೆ ಒಂದು ಪ್ರಸಂಗ ಉಳಿದೀತು.