ಗೇಣಿಯ ಚರಿತ್ರೆಗೆ ಆಕರಗಳು: ಕರ್ನಾಟಕದ ಸಮಾಜವಿಜ್ಞಾನ ಸಂಶೋಧನೆಯಲ್ಲಿ ಗ್ರಂಥಾಲಯ ಶೋಧ

ಕರ್ನಾಟಕದ ಗೇಣಿ ಪದ್ಧತಿಯನ್ನು ಪಿಎಚ್.ಡಿ.ಗೆ ವಿಷಯವಾಗಿ ಆರಿಸಿಕೊಂಡವರು ಮೊದಲು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ, ಗಣಕದ ಸೂಚಿಯಲ್ಲಿ ‘ಭೂಸುಧಾರಣೆ’, ‘ಕರ್ನಾಟಕ’ ಎಂಬ ಎರಡು ಪದ ಹಾಕಿ ನೋಡುತ್ತಾರೆ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಬಹುಪಾಲು 1974ರ ತಿದ್ದುಪಡಿಯ ನಂತರ ಬರೆದ ಪುಸ್ತಕಗಳು: ದೇವರಾಜ ಅರಸರ ಕಾಲದ ರಾಜಕಾರಣ, ಉಳುವವನೇ ಹೊಲದೊಡೆಯ ಎಂಬ ಘೋಷಣೆ, ಅದರ ಸಾಧನೆ ಮತ್ತು ಮಿತಿ. ನರೇಂದರ್ ಪಾಣಿಯವರು ಕರ್ನಾಟಕದ ಭೂಶಾಸನದ ಬಗ್ಗೆ 1983ರಲ್ಲಿ ಪ್ರಕಟಿಸಿದ ಪುಸ್ತಕ, ಅತುಲ್ ಕೊಹ್ಲಿಯವರ 1987ರ ಪುಸ್ತಕದಲ್ಲಿ ಕರ್ನಾಟಕಕ್ಕೆ ಸಂಬಂಧಿಸಿದ ಭಾಗ, ಕೆಲವು ನಿಯತಕಾಲಿಕ ಲೇಖನಗಳು. ಇಷ್ಟನ್ನು ಓದಿ ಪೂರ್ವಾಧ್ಯಯನ ಸಮೀಕ್ಷೆಯ ಅಧ್ಯಾಯ ಬರೆದು ನೇರವಾಗಿ ಪ್ರಶ್ನಾವಳಿಗೆ ಇಳಿಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಇದು ಸಾಲದು ಎಂಬುದು ಈ ಲೇಖನದ ವಾದ. ಗೇಣಿಯನ್ನು ಕುರಿತು ಯಾರು ಏನು ಬರೆದಿದ್ದಾರೆ ಎಂಬುದನ್ನು ವಿಷಯವಾರು ಶೋಧ ತೋರಿಸಿಕೊಡುತ್ತದೆ. ಕಂದಾಯ ಗೊತ್ತುಮಾಡಲು, ಜನರನ್ನು ಎಣಿಸಲು, ಕಾನೂನು ತರಲು, ಜಗಳ ತೀರಿಸಲು ಗೇಣಿಯ ವಿವರಗಳನ್ನು ಬರೆದಿಟ್ಟವರ ಕಾಗದಪತ್ರ ಆ ಶೋಧಕ್ಕೆ ಸಿಗುವುದಿಲ್ಲ. ಅದು ಬೇಕಾದರೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಆ ಊರು ಆ ವರ್ಷ ಯಾರ ಆಡಳಿತದಲ್ಲಿತ್ತು? ಇದನ್ನು ಬರೆದಿಡುವ ಅಗತ್ಯ ಯಾರಿಗೆ ಬಿದ್ದಿತ್ತು? 1956ರ ನವೆಂಬರ್ 1ರವರೆಗೆ ಕನ್ನಡ ನಾಡು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಅದರ ದಾಖಲೆಗಳು ಇಂದಿಗೂ ಹಾಗೆಯೇ ಹಂಚಿಹೋಗಿವೆ.

ಸಾಗರ ತಾಲ್ಲೂಕಿನ ಕಾಗೋಡನ್ನೇ ತೆಗೆದುಕೊಳ್ಳೋಣ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ತಕರಾರು 1951ರಲ್ಲಿ ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. ಕಾಗೋಡು ಆಗ ಮೈಸೂರು ರಾಜ್ಯದಲ್ಲಿತ್ತು. ಸಾಗರದ ಗಡಿ ದಾಟಿದರೆ ಸಿದ್ದಾಪುರ. ಅದೇ ಅಡಿಕೆ, ಅದೇ ಭತ್ತ, ಅದೇ ಮಲೆನಾಡಿನ ಮಳೆ. ಆದರೆ ಅದು ಮುಂಬಯಿ ರಾಜ್ಯ. ಅಲ್ಲಿನ ಗೇಣಿದಾರನಿಗೆ ಮುಂಬಯಿಯ 1948ರ ಗೇಣಿ ಕಾಯಿದೆ ಅನ್ವಯಿಸುತ್ತಿತ್ತು. ಮೈಸೂರಿನ ಗೇಣಿ ಕಾಯಿದೆ ಬಂದದ್ದು ಸತ್ಯಾಗ್ರಹದ ಮರುವರ್ಷ, 1952ರಲ್ಲಿ. ಇನ್ನೂ ದಕ್ಷಿಣಕ್ಕೆ ಹೋದರೆ ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ. ಮೂಲಗೇಣಿ, ಚಾಲಗೇಣಿ ಎಂದು ಗೇಣಿಯಲ್ಲೇ ಎರಡು ಬಗೆ. ಕಾಗೋಡಿನವರು ಯಾಕೆ ಎದ್ದರು ಎಂದು ಕೇಳುವ ಸಂಶೋಧಕರು ಪಕ್ಕದ ಸಿದ್ದಾಪುರದವರ ಪಾಡು ಹೇಗಿತ್ತು ಎಂದೂ ಕೇಳಲೇಬೇಕು. ಕೇಳಿದೊಡನೆ ಅವರಿಗೆ ಬೆಂಗಳೂರಿನ ಜತೆಗೆ ಮುಂಬಯಿಯ ದಾಖಲೆಗಳೂ ಬೇಕಾಗುತ್ತವೆ. ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿಗೆ ವರ್ಗವಾದದ್ದು 1862ರಲ್ಲಿ. ಹಾಗಾಗಿ ಅದಕ್ಕೆ ಹಿಂದಿನ ಕಾಲಕ್ಕೆ ಹೋಗುವುದಾದರೆ ಚೆನ್ನೈಯ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರವೇ ಗತಿ. ಥಾಮಸ್ ಮನ್ರೋ 1799-1800ರಲ್ಲಿ ಕೆನರಾದ ಕಲೆಕ್ಟರ್ ಆಗಿದ್ದಾಗ ಬರೆದ ವರದಿಗಳು ಈ ಮದ್ರಾಸು ಪರಂಪರೆಯವು.

ಪತ್ರಾಗಾರದವರೆಗೆ ಹೋಗುವ ಮೊದಲು ಅಚ್ಚಾದ ಸಾಮಗ್ರಿಯನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಇಲ್ಲೂ ಆಡಳಿತದ ಗೆರೆಯೇ ದಾರಿ ತೋರಿಸುತ್ತದೆ. ಮೈಸೂರು ಪ್ರಾಂತಕ್ಕೆ ಲೂಯಿಸ್ ರೈಸ್ ಅವರ ಗ್ಯಾಸೆಟಿಯರ್ (1876-77, ಪರಿಷ್ಕೃತ ಆವೃತ್ತಿ 1897), ಆಮೇಲೆ ಹಯವದನರಾಯರದು. ಉತ್ತರ ಕನ್ನಡಕ್ಕೆ ಮುಂಬಯಿ ಗ್ಯಾಸೆಟಿಯರ್ ಮಾಲೆಯ 15ನೆಯ ಸಂಪುಟ (1883). ಧಾರವಾಡ, ಬೆಳಗಾವಿ, ಬಿಜಾಪುರಗಳಿಗೆ ಅದೇ ಮಾಲೆಯ ಮುಂದಿನ ಸಂಪುಟಗಳು. ದಕ್ಷಿಣ ಕನ್ನಡಕ್ಕೆ ಸ್ಟರಕ್ ಅವರ ಕೈಪಿಡಿ (1894), ಬಳ್ಳಾರಿಗೆ ಕೆಲ್ಸಾಲ್ ಅವರ ಕೈಪಿಡಿ (1872). ಜಾತಿ-ಬುಡಕಟ್ಟುಗಳ ಗ್ರಂಥಗಳೂ ಹೀಗೆಯೇ ಹಂಚಿಕೊಂಡಿವೆ: ಮೈಸೂರಿಗೆ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್, ಮುಂಬಯಿಗೆ ಎಂಥೋವನ್, ಮದ್ರಾಸಿಗೆ ಥರ್ಸ್ಟನ್, ಹೈದರಾಬಾದಿಗೆ ಸಿರಾಜ್ ಉಲ್ ಹಸನ್. ಇವುಗಳಲ್ಲಿ ಒಂದನ್ನೇ ನೋಡಿ ಇಡೀ ಕರ್ನಾಟಕದ ಒಂದು ಸಮುದಾಯದ ಬಗ್ಗೆ ತೀರ್ಮಾನ ಹೇಳುವ ಪ್ರಬಂಧಗಳನ್ನು ಓದಿದಾಗ ನಿಜಕ್ಕೂ ಬೇಸರವಾಗುತ್ತದೆ. ಗ್ಯಾಸೆಟಿಯರಿಗಿಂತಲೂ ಗೇಣಿಯ ಸಂಶೋಧಕರಿಗೆ ಹೆಚ್ಚು ಉಪಯೋಗವಾಗುವುದು ಮುಂಬಯಿ ಸರ್ಕಾರ ತಾಲ್ಲೂಕುವಾರು ಅಚ್ಚು ಹಾಕಿಸಿದ ಸರ್ವೆ ಮತ್ತು ಸೆಟಲ್‌ಮೆಂಟ್ ವರದಿಗಳು. ಅವು ಪುಸ್ತಕದ ಹೆಸರಿನಲ್ಲಿ ಸಿಗುವುದಿಲ್ಲ. ಸರ್ಕಾರಿ ದಾಖಲೆಗಳ ಆಯ್ದ ಭಾಗ ಎಂಬ ಒಂದೇ ಮಾಲೆಯ ಹೆಸರಿನಡಿ ಸಾಲಾಗಿ ಕೂತಿರುತ್ತವೆ. ಮಾಲೆಯ ಹೆಸರು ಗೊತ್ತಿಲ್ಲದವರಿಗೆ ಆ ಕಪಾಟು ಕಂಡೂ ಕಾಣದಂತೆ.

ಸೂಚಿಯಲ್ಲಿ ಕೈಕೊಡುವ ಇನ್ನೊಂದು ಜಾಗ ಸರ್ಕಾರಿ ವರದಿಗಳ ಕರ್ತೃ ನಮೂದು. ನಮ್ಮಲ್ಲಿ ವರದಿಯನ್ನು ಅಧ್ಯಕ್ಷರ ಹೆಸರಿನಿಂದ ಕರೆಯುವುದು ವಾಡಿಕೆ: ನಾಗನಗೌಡ ಸಮಿತಿ, ಹಾವನೂರು ಆಯೋಗ, ಜತ್ತಿ ಸಮಿತಿ. ಆದರೆ ಸೂಚೀಕರಣದ ನಿಯಮದಂತೆ ಸರ್ಕಾರಿ ಸಂಸ್ಥೆಯ ಕೃತಿಗೆ ಮೊದಲು ಬರುವುದು ಆ ಸರ್ಕಾರದ ಪ್ರದೇಶದ ಹೆಸರು, ಆಮೇಲೆ ಸಂಸ್ಥೆಯ ಹೆಸರು. 1961ರಲ್ಲಿ ಬಂದ ನಾಗನಗೌಡ ವರದಿಯನ್ನು ‘ಮೈಸೂರು’ ಎಂಬಲ್ಲಿ ಹುಡುಕಬೇಕು. ಹಾವನೂರು ಆಯೋಗ ನೇಮಕವಾದಾಗ, 1972ರಲ್ಲಿ, ರಾಜ್ಯದ ಹೆಸರು ಮೈಸೂರು. ವರದಿ ಕೊಟ್ಟಾಗ, 1975ರಲ್ಲಿ, ಕರ್ನಾಟಕ. 1973ರ ನವೆಂಬರ್ 1ರ ನಾಮಕರಣ ಅವೆರಡರ ನಡುವೆ ಬಿದ್ದಿದೆ. ಆದ್ದರಿಂದ ನೇಮಕದ ಆದೇಶ ಒಂದು ಹೆಸರಿನಡಿ, ವರದಿ ಇನ್ನೊಂದರಡಿ. ಐದು ಪ್ರದೇಶಗಳ ಭೂಕಾನೂನುಗಳನ್ನು ಒಂದುಗೂಡಿಸಲು ಏಕೀಕರಣದ ಬೆನ್ನಲ್ಲೇ ಬಿ.ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ರಚಿಸಿದ ಸಮಿತಿಯ ವರದಿಯೂ ‘ಮೈಸೂರು’ ಎಂಬಲ್ಲೇ ಇರಬೇಕಾದದ್ದು. ಗೇಣಿಯ ಬಗ್ಗೆ ಕೆಲಸ ಮಾಡುವವರು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳಬೇಕಾದ ವರದಿ ಅದೇ. ಜಿಲ್ಲೆಗಳ ಮಾತೂ ಇದೇ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ, ಅದಕ್ಕೆ ಮುಂಚೆ ಅದು ಮೈಸೂರು ಜಿಲ್ಲೆ. ಉಡುಪಿ 1997ರವರೆಗೆ ದಕ್ಷಿಣ ಕನ್ನಡ. ರೋಮನ್ ಲಿಪಿಯಲ್ಲಿ ಹಾಕಿದ ಹಳೆಯ ನಮೂದುಗಳಲ್ಲಿ ಧಾರವಾಡಕ್ಕೂ ಕೆನರಾಕ್ಕೂ ಒಂದಕ್ಕಿಂತ ಹೆಚ್ಚು ಕಾಗುಣಿತ ಇರುತ್ತದೆ. ಎಲ್ಲವನ್ನೂ ಹಾಕಿ ನೋಡುವ ತಾಳ್ಮೆ ಬೇಕು.

ಕಪಾಟಿನ ಜೋಡಣೆಯನ್ನೂ ಬಲ್ಲವರು ಕಡಿಮೆ. ನಮ್ಮ ಬಹುತೇಕ ಗ್ರಂಥಾಲಯಗಳು ಅನುಸರಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಸಮಾಜವಿಜ್ಞಾನಕ್ಕೆ 300ರ ಶ್ರೇಣಿ. ಗೇಣಿಗೆ ಅಲ್ಲಿ ಒಂದೇ ಮನೆ ಇಲ್ಲ. ಭೂಸುಧಾರಣೆಯ ಅರ್ಥಶಾಸ್ತ್ರ 333ರಲ್ಲಿ, ಆಸ್ತಿಯ ಕಾನೂನು 346ರಲ್ಲಿ, ಜಾತಿ-ವರ್ಗ 305ರಲ್ಲಿ, ಪ್ರಾದೇಶಿಕ ಚರಿತ್ರೆಯಾಗಿ ಬರೆದದ್ದು 954.87ರಲ್ಲಿ. ಸಮಾಜಶಾಸ್ತ್ರದ ವಿಭಾಗವನ್ನು ಡ್ಯೂಯಿಯ 19ನೆಯ ಆವೃತ್ತಿ (1979) ಪೂರ್ತಿ ಕಲಸಿ ಹೊಸದಾಗಿ ಜೋಡಿಸಿತು. ಅದಕ್ಕೆ ಹಿಂದೆ 301.44 ಎಂದು ಬೆನ್ನಿಗೆ ಅಂಟಿಸಿಕೊಂಡು ಬಂದ ಜಾತಿಯ ಪುಸ್ತಕಗಳನ್ನು ಎಷ್ಟೋ ಗ್ರಂಥಾಲಯಗಳು ಮರುವರ್ಗೀಕರಿಸಲಿಲ್ಲ. ಹೀಗಾಗಿ ಐವತ್ತು, ಅರವತ್ತರ ದಶಕದ ಜಾತಿ ಅಧ್ಯಯನಗಳು ಒಂದು ಸಾಲಿನಲ್ಲಿ, ಎಂಬತ್ತರ ನಂತರದವು ಇನ್ನೊಂದರಲ್ಲಿ. ರಂಗನಾಥನ್ ಅವರ ಕೋಲನ್ ವರ್ಗೀಕರಣ ಬಳಸುವ ಕಡೆ ಅಂಕಿಯ ಬದಲು ಅಕ್ಷರ: ಅರ್ಥಶಾಸ್ತ್ರಕ್ಕೆ ಎಕ್ಸ್, ಸಮಾಜಶಾಸ್ತ್ರಕ್ಕೆ ವೈ, ಕಾನೂನಿಗೆ ಝಡ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ, 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದ್ದೂ ಇಲ್ಲೇ. ಅವರ ಊರಿನಲ್ಲೇ ಸಂಶೋಧನಾ ವಿದ್ಯಾರ್ಥಿಗೆ ವರ್ಗಾಂಕ ಓದುವುದನ್ನು ಕಲಿಸದೆ ಬಿಟ್ಟಿರುವುದು ನಮ್ಮ ಪಿಎಚ್.ಡಿ. ಕೋರ್ಸ್‌ವರ್ಕಿನ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಗ್ರಾಮ ಅಧ್ಯಯನಗಳನ್ನು ಹುಡುಕುವವರಿಗೆ ಬೇರೆಯೇ ತೊಡಕು. ಎಂ.ಎನ್. ಶ್ರೀನಿವಾಸ್ ಅವರ ‘ರಾಂಪುರ’ ಭೂಪಟದಲ್ಲಿಲ್ಲ. ಅದು ಮೈಸೂರು ಸೀಮೆಯ ಕೊಡಗಹಳ್ಳಿ. 1948ರಲ್ಲಿ ಅಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಸಂಸ್ಕರಿಸಿ ಇಟ್ಟದ್ದು 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಯಲ್ಲಿ ಸುಟ್ಟುಹೋಗಿ, ನೆನಪಿನ ಬಲದಿಂದ ಬರೆದ ಪುಸ್ತಕ 1976ರಲ್ಲಿ ಬಂತು. ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯದ ಎರಡು ಹಳ್ಳಿಗಳಿಗೆ, ನಾಲೆಯ ನೀರು ಬಂದದ್ದಕ್ಕೆ ಮತ್ತು ಬರದೇ ಇದ್ದದ್ದಕ್ಕೆ, ವಂಗಲ, ದಲೇನ ಎಂದು ಹೆಸರಿಟ್ಟರು, ಪುಸ್ತಕ 1962ರದು. ಕೆ. ಈಶ್ವರನ್ ಅವರ ಶಿವಪುರ, ಅಲನ್ ಬೀಲ್ಸ್ ಅವರ ಗೋಪಾಲಪುರ ಕೂಡ ಇಂಥವೇ. ಮಂಡ್ಯದ ನೀರಾವರಿ ಮತ್ತು ಗೇಣಿಯ ಬಗ್ಗೆ ಕೆಲಸ ಮಾಡುವವರು ಸೂಚಿಯಲ್ಲಿ ಊರಿನ ನಿಜ ಹೆಸರು ಹಾಕಿದರೆ ಎಪ್‌ಸ್ಟೈನ್ ಸಿಗುವುದಿಲ್ಲ, ‘ದಕ್ಷಿಣ ಭಾರತ’ ಎಂದು ಹಾಕಿದರೆ ಸಿಗಬಹುದು. ಇಲ್ಲಿ ಕೈಹಿಡಿಯುವುದು ಅಡಿಟಿಪ್ಪಣಿ. ಮೈಸೂರಿನ 1917ರಿಂದ 1955ರವರೆಗಿನ ರಾಜಕೀಯದ ಮೇಲೆ ಜೇಮ್ಸ್ ಮ್ಯಾನರ್ ಬರೆದ ಪುಸ್ತಕವನ್ನು ಅದರ ವಾದಕ್ಕಾಗಿ ಓದುವಷ್ಟೇ ಎಚ್ಚರದಿಂದ ಅದರ ಟಿಪ್ಪಣಿಗಳಿಗಾಗಿಯೂ ಓದಬೇಕು. ಒಂದು ಒಳ್ಳೆಯ ಪುಸ್ತಕದ ಟಿಪ್ಪಣಿಗಳು ಹತ್ತು ಸೂಚಿಗಳು ಕೊಡದ್ದನ್ನು ಕೊಡುತ್ತವೆ.

ಜನಗಣತಿಯ ವಿಷಯ ಸಾಕಷ್ಟು ಜನಕ್ಕೆ ಗೊತ್ತಿರುವುದರಿಂದ ಬೆಳೆಸುವುದಿಲ್ಲ. 1961ರ ಗಣತಿಯ ಜತೆ ಆಯ್ದ ಹಳ್ಳಿಗಳ ಮೇಲೆ ಪ್ರತ್ಯೇಕ ಪುಸ್ತಿಕೆಗಳು ಬಂದವು, ಮೈಸೂರು ರಾಜ್ಯದ್ದೂ ಇವೆ ಎಂಬುದನ್ನಷ್ಟೇ ನೆನಪಿಸುತ್ತೇನೆ. ಭೂಸುಧಾರಣೆಗೆ ಮೊದಲಿನ ಹಳ್ಳಿಯ ಚಿತ್ರ ಬೇಕಾದವರು ಅವನ್ನು ಬಿಡಬಾರದು.

ಕನ್ನಡದಲ್ಲೇ ಇರುವ ಆಕರಗಳ ಪೈಕಿ ಅತಿ ಕಡಿಮೆ ಬಳಕೆಯಾಗಿರುವುದು ಶಾಸನಸಭೆಯ ನಡಾವಳಿ. ರಂಗಾಚಾರ್ಲು ದಿವಾನರಾಗಿದ್ದಾಗ 1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಿಂದ ಹಿಡಿದು ಇಂದಿನ ವಿಧಾನಮಂಡಲದವರೆಗೆ ಅಚ್ಚಾದ ಸಂಪುಟಗಳಿವೆ. ಭೂಸುಧಾರಣೆಯ ತಿದ್ದುಪಡಿ ಮಸೂದೆಯ ಚರ್ಚೆಯಲ್ಲಿ ಮಾತಾಡಿದವರಲ್ಲಿ ಭೂಮಾಲೀಕರೂ ಇದ್ದರು, ಗೇಣಿದಾರರ ಪರ ಹೋರಾಡಿದವರೂ ಇದ್ದರು. ಪುಸ್ತಕಗಳು ಒಂದು ವಾಕ್ಯದಲ್ಲಿ ಮುಗಿಸುವ ವಿರೋಧವನ್ನು ಅಲ್ಲಿ ಮಾತಿನ ಪೂರ್ಣ ರೂಪದಲ್ಲಿ ಓದಬಹುದು.

ಡಿಜಿಟಲ್ ಸಂಪನ್ಮೂಲಗಳಿಂದ ಕೆಲಸ ಹಗುರವಾಗಿದೆ ಎಂಬುದು ನಿಜ. ಆದರೆ ಆ ಹಗುರ ಇಂಗ್ಲಿಷಿನಲ್ಲಿ ಓದುವವರಿಗೆ ದಕ್ಕಿದಷ್ಟು ಕನ್ನಡದಲ್ಲಿ ಕೆಲಸ ಮಾಡುವವರಿಗೆ ದಕ್ಕಿಲ್ಲ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು. ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಇದು ದೊಡ್ಡ ಅನುಕೂಲ. ಕನ್ನಡದ ವಿದ್ವತ್ ಪತ್ರಿಕೆಗಳ ಹಳೆಯ ಸಂಚಿಕೆಗಳಿಗೆ ಮಾತ್ರ ಇಂದಿಗೂ ಒಂದು ಸಮಗ್ರ ಲೇಖನಸೂಚಿಯ ಆಸರೆ ಇಲ್ಲ.

ಶೋಧಗಂಗಾದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 2009ರ ಯುಜಿಸಿ ನಿಯಮ ಬಂದಂದಿನಿಂದ ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರಬಂಧಗಳನ್ನು ಅಲ್ಲಿಗೆ ಏರಿಸುತ್ತಿವೆ. ಕನ್ನಡದಲ್ಲಿ ಬರೆದ ಪ್ರಬಂಧವೊಂದನ್ನು ತೆರೆದು ಒಂದು ಸಾಲನ್ನು ನಕಲು ಮಾಡಿ ಬೇರೆಡೆ ಅಂಟಿಸಿ ನೋಡಿ. ಎಷ್ಟೋ ಸಲ ಬರುವುದು ಅರ್ಥವಿಲ್ಲದ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸರಮಾಲೆ. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚಾದ ಕಡತ ಅದು: ಪರದೆಯ ಮೇಲೆ ಕಾಣುವುದು ಕನ್ನಡ, ಒಳಗಿರುವ ಸಂಕೇತ ಬೇರೆ. ‘ಚಾಲಗೇಣಿ’ ಎಂದು ಹುಡುಕಿದರೆ ಆ ಪದ ನೂರು ಸಲ ಬಂದಿರುವ ಪ್ರಬಂಧವೂ ಸಿಕ್ಕದೆ ಹೋಗುತ್ತದೆ. ಶೀರ್ಷಿಕೆಯನ್ನು ಕೆಲವೊಮ್ಮೆ ಕನ್ನಡದಲ್ಲಿ, ಕೆಲವೊಮ್ಮೆ ರೋಮನ್‌ನಲ್ಲಿ ಹಾಕಿರುತ್ತಾರೆ. ಇದಕ್ಕೆ ಸದ್ಯದ ದಾರಿಯೆಂದರೆ ಪದದ ಹಿಂದೆ ಬೀಳದೆ ವಿಶ್ವವಿದ್ಯಾಲಯ, ವಿಭಾಗ, ಮಾರ್ಗದರ್ಶಕರ ಹೆಸರು ಹಿಡಿದು ಪಟ್ಟಿಯನ್ನು ಮೇಲಿಂದ ಕೆಳಗೆ ಓದುವುದು. ನಿಧಾನದ ಕೆಲಸವೇ, ಆದರೆ ಕನ್ನಡದಲ್ಲಿ ಏನೂ ಬಂದಿಲ್ಲ ಎಂದು ಬರೆದುಬಿಡುವುದಕ್ಕಿಂತ ಮೇಲು. ಹಳೆಯ ಅಚ್ಚು ಪುಸ್ತಕಗಳಿಗೆ ಇಂಟರ್ನೆಟ್ ಆರ್ಕೈವ್ ಮತ್ತು ಪುಸ್ತಕ ಸಂಚಯ ಇವೆ. ಅಲ್ಲೂ ಕಾಗುಣಿತ ಬದಲಿಸಿ ಬದಲಿಸಿ ಹುಡುಕಬೇಕು.

ಕೊನೆಗೂ ಗೇಣಿಯ ಬಗ್ಗೆ ಅತ್ಯಂತ ಸಮೃದ್ಧವಾದ ಆಕರ ಯಾವ ಗ್ರಂಥಾಲಯದ ಸೂಚಿಯಲ್ಲೂ ಇಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿದಾರರು ಫಾರಂ ನಂಬರ್ 7ರಲ್ಲಿ ಡಿಕ್ಲರೇಷನ್ ಕೊಟ್ಟರು. ಅದರ ಅವಧಿ 1979ರ ಜೂನ್ 30ರವರೆಗೆ ಬೆಳೆಯಿತು. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷತೆಯ ಭೂನ್ಯಾಯ ಮಂಡಳಿಗಳು ಅವನ್ನು ವಿಚಾರಣೆ ಮಾಡಿದವು. ಒಂದೊಂದು ಕಡತದಲ್ಲೂ ಸರ್ವೆ ನಂಬರು, ಪಹಣಿಯ ನಕಲು, ಒಡೆಯನ ತಕರಾರು, ಅಕ್ಕಪಕ್ಕದ ಹೊಲದವರ ಹೇಳಿಕೆ, ಯಾರು ಎಷ್ಟು ವರ್ಷದಿಂದ ಯಾರಿಗೆ ಎಷ್ಟು ಗೇಣಿ ಅಳೆದರು ಎಂಬ ಮಾತು. ಇವು ಕಂದಾಯ ಇಲಾಖೆಯ ದಾಖಲೆಗಳು, ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿ ಬಟ್ಟೆಯ ಗಂಟುಗಳಾಗಿ ಇರುವಂಥವು. ಊರು ಮತ್ತು ಸರ್ವೆ ನಂಬರು ಗೊತ್ತಿದ್ದರೆ ಮಾತ್ರ ಕೇಳಿ ಪಡೆಯಬಹುದು, ವಿಷಯ ಹೇಳಿದರೆ ಯಾರೂ ತೆಗೆದುಕೊಡಲಾರರು. ಆದ್ದರಿಂದ ಇಲ್ಲಿಗೆ ಬರುವ ಹೊತ್ತಿಗೆ ಸಂಶೋಧಕರ ಕೈಯಲ್ಲಿ ಹಳ್ಳಿಗಳ ಪಟ್ಟಿ ತಯಾರಿರಬೇಕು. ಆ ಪಟ್ಟಿ ಹುಟ್ಟುವುದು ಸೆಟಲ್‌ಮೆಂಟ್ ವರದಿ, ಗಣತಿಯ ಪುಸ್ತಿಕೆ, ನಡಾವಳಿಗಳಿಂದ. ಜಿಲ್ಲಾ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ತಮ್ಮ ಸುತ್ತಲಿನ ತಾಲ್ಲೂಕುಗಳ ಈ ಕಡತಗಳಿಗೆ ಊರುವಾರು ಸೂಚಿ ಮಾಡುವ ಕೆಲಸವನ್ನು ಕಂದಾಯ ಇಲಾಖೆಯ ಅನುಮತಿ ಪಡೆದು ಈಗಲೇ ಕೈಗೆತ್ತಿಕೊಳ್ಳಬೇಕು. ಡಿಕ್ಲರೇಷನ್ ಕೊಟ್ಟವರ ಪೈಕಿ ಬದುಕಿರುವವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಕಡತದಲ್ಲಿರುವ ಹೇಳಿಕೆಯನ್ನು ಅವರ ಮುಂದೆ ಓದಿ ಹೌದೋ ಅಲ್ಲವೋ ಎಂದು ಕೇಳಲು ಇನ್ನು ಹೆಚ್ಚು ವರ್ಷ ಉಳಿದಿಲ್ಲ.